ಒಂದು ಶಬ್ದಕ್ಕೆ ಏಳು ಜನ: ಆನ್‌ಲೈನಲ್ಲಿ ಸೇರಿ ಅನುವಾದ ಮಾಡೋದು ಹೇಗೆ?

ಕಾಸರಗೋಡಿನವರಿಗೆ ಅನುವಾದ ಹೊಸತೇನಲ್ಲ, ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಆಫೀಸಿಗೆ ಹೋದ್ರೆ ಮಲಯಾಳ, ದಿನಕ್ಕೆ ಹತ್ತು ಸಲ ಬಾಯಲ್ಲೇ ಅನುವಾದ ಆಗ್ತಾ ಇರ್ತದೆ. ಆದ್ರೆ ಒಂದು ಆ್ಯಪೋ ವಿಕಿಪೀಡಿಯ ಲೇಖನವೋ ಊರಿನ ನೋಟಿಸೋ, ಸಂಬಳ ಇಲ್ಲದೆ ನಾಲ್ಕು ಜನ ಸೇರಿ ಕನ್ನಡ ಮಾಡ್ಲಿಕ್ಕೆ ಹೊರಟ್ರೆ ಒಂದು ಶಬ್ದಕ್ಕೆ ರಾತ್ರಿ ಹನ್ನೊಂದರವರೆಗೆ ಚರ್ಚೆ. ನಮ್ಮದು ಏಳು ಜನರ ವಾಟ್ಸಾಪ್ ಗ್ರೂಪು, ಪೆಟ್ಟು ತಿಂದು ಕಲ್ತದ್ದನ್ನು ಹೇಳ್ತೇನೆ.

ಮೊದಲು, ಬರೀ ಶಬ್ದ ಹಾಕಿ "ಇದಕ್ಕೆ ಕನ್ನಡದಲ್ಲಿ ಎಂತ?" ಅಂತ ಕೇಳ್ಬೇಡಿ. ಪೂರ್ತಿ ವಾಕ್ಯ ಹಾಕಿ, ಆಗ್ತದೆ ಅಂತಾದ್ರೆ ಸ್ಕ್ರೀನ್‌ಶಾಟೂ ಹಾಕಿ. ಒಬ್ರು "ಓಪನ್" ಅಂತ ಮಾತ್ರ ಕೇಳಿದ್ರು, 'ತೆರೆ' ಸಾಕೋ 'ತೆರೆಯಿರಿ' ಬೇಕೋ ಅಂತ ಅರ್ಧ ಗಂಟೆ ಗುದ್ದಾಡಿದ ಮೇಲೆ ಗೊತ್ತಾಯ್ತು, ಅದು ಬಟನ್ನೇ ಅಲ್ಲ, ಅಂಗಡಿ ತೆರೆದಿದೆ ಅಂತ ತೋರಿಸ್ಲಿಕ್ಕೆ ಇದ್ದದ್ದು.

ಆಮೇಲೆ ನಿಘಂಟು. ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು, ಸಾಹಿತ್ಯ ಪರಿಷತ್ತಿನದ್ದು 8 ಸಂಪುಟ ಉಂಟು, ಹಳೇ ಶಬ್ದ ನೋಡ್ಲಿಕ್ಕೆ ಚಿನ್ನ. 'ಡೌನ್‌ಲೋಡ್' ಅದರಲ್ಲಿ ಹುಡುಕ್ಬೇಡಿ, ಹಾಗೇ ಬಿಡಿ.

ಮಲಯಾಳದಿಂದ ಮಾಡುವಾಗ ಮಾತ್ರ ಜಾಗ್ರತೆ ಮಾರಾಯ್ರೆ, ಕನ್ನಡದ ಹಾಗೆ ಕಾಣುವ ಶಬ್ದಗಳೇ ಹೊಂಡಕ್ಕೆ ಹಾಕೋದು. 'ಅವಧಿ' ಅಂದ್ರೆ ಅಲ್ಲಿ ರಜೆ. 'ಉಪನ್ಯಾಸ' ಅಲ್ಲಿ ಪ್ರಬಂಧ. 'ಪ್ರಸಂಗ' ಅಲ್ಲಿ ಭಾಷಣ, ನಮಗೆ ಯಕ್ಷಗಾನ ನೆನಪಾಗೋದು. 'ಅನುವಾದ' ಅಂದ್ರೇ ಅಲ್ಲಿ ಅನುಮತಿ, ಹಾಗಾಗಿ ನಮ್ಮ ಒಂದು ಡ್ರಾಫ್ಟಿನಲ್ಲಿ "ಅನುವಾದವಿಲ್ಲದೆ ಒಳಗೆ ಬರಬಾರದು" ಅಂತ ಬಂದಿತ್ತು, ಅನುವಾದಕರ ಕೈಯಲ್ಲೇ! ಇಂಥದ್ದಕ್ಕೆಲ್ಲ ಒಂದು ಪಟ್ಟಿ ಮಾಡಿ ಗ್ರೂಪಿನಲ್ಲಿ ಪಿನ್ ಮಾಡಿಡಿ.

'ನಾವು' ಅಂತ ಬರುವಾಗಲೂ ನಿಲ್ಲಿ. ತುಳುವಿನಲ್ಲಿ ನೀವೂ ಸೇರಿದ್ರೆ 'ನಮ', ನಿಮ್ಮನ್ನು ಬಿಟ್ಟಾದ್ರೆ 'ಎಂಕುಳು', ಮಲಯಾಳದಲ್ಲೂ ಹೀಗೇ ಎರಡು ಉಂಟು, ಗ್ರಂಥಸ್ಥ ಕನ್ನಡದಲ್ಲಿ ಎರಡಕ್ಕೂ ಒಂದೇ. "ಶನಿವಾರ ನಾವು ಬಾವಿ ಕ್ಲೀನ್ ಮಾಡುತ್ತೇವೆ" ಅಂತ ನೋಟಿಸು ಹಾಕಿದ್ರೆ ಓದಿದವ ಕತ್ತಿ ಹಿಡ್ಕೊಂಡು ಬರ್ಬೇಕೋ ಮನೆಯಲ್ಲಿ ಕೂರ್ಬೇಕೋ? 'ಸಂಘದವರು' ಅಂತಲೋ 'ನಾವೆಲ್ಲ ಸೇರಿ' ಅಂತಲೋ ಬಿಡಿಸಿ ಬರೀಬೇಕು.

ವ್ಯಾಕರಣದಲ್ಲಿ ಹೆಚ್ಚು ತಲೆಬಿಸಿ ಕೊಡೋದು ವಿಭಕ್ತಿ. ಬಸ್ಸಿನ ಆ್ಯಪಿನಲ್ಲಿ ಊರಿನ ಹೆಸರು ಕಂಪ್ಯೂಟರೇ ತುಂಬಿಸ್ತದೆ, ಮುಂದೆ ನಾವು 'ಗೆ' ಹಾಕಿದ್ರೆ ಕುಂಬಳೆಗೆ ಸರಿ, ಆದ್ರೆ ಮಂಜೇಶ್ವರಗೆ, ಬದಿಯಡ್ಕಗೆ, ಕಾಸರಗೋಡುಗೆ ಅಂತ ಬಂದು ಕೂತ್ಕೊಳ್ತದೆ. ಮಂಜೇಶ್ವರಕ್ಕೆ, ಕಾಸರಗೋಡಿಗೆ ಆಗ್ಬೇಕಲ್ಲ, ಅದು ಯಂತ್ರಕ್ಕೆ ಎಲ್ಲಿ ಗೊತ್ತು. ಎರಡು ದಿನ ಮಾತಾಡಿ 'ಕಡೆಗೆ' ಅಂತ ಹಾಕಿದೆವು, ಮಂಜೇಶ್ವರ ಕಡೆಗೆ, ಕುಂಬಳೆ ಕಡೆಗೆ, ಯಾವ ಊರಿಗೂ ಹೊಂದ್ತದೆ. ಇನ್ನು "ಇವರು ನಿಮ್ಮ ಫೋಟೊ ಮೆಚ್ಚಿದ್ದಾರೆ" ಅನ್ನುವಂಥದ್ದಕ್ಕೆ ಯಾವಾಗ್ಲೂ ಬಹುವಚನವೇ ಇರ್ಲಿ, ಗಂಡೋ ಹೆಣ್ಣೋ ಅನ್ನುವ ಪ್ರಶ್ನೆ ಬರೋದಿಲ್ಲ, ಮರ್ಯಾದೆಯೂ ಆಗ್ತದೆ.

ತೀರ್ಮಾನ ಆದ ಕೂಡ್ಲೆ ಒಂದು ಶೀಟಿನಲ್ಲಿ ಬರೆದಿಡಿ: ಶಬ್ದ, ವಾಕ್ಯ, ಯಾಕೆ ಅದನ್ನೇ ಆರಿಸಿದ್ದು. ಈ 'ಯಾಕೆ' ಬರೀಲಿಲ್ಲಾಂದ್ರೆ ಆರು ತಿಂಗಳಲ್ಲಿ ಹೊಸಬ್ರು ಬಂದು ಅದೇ ಚರ್ಚೆ ಮೊದಲಿಂದ ಶುರು ಮಾಡ್ತಾರೆ.

ಕೊನೆಗೆ ಗ್ರೂಪಿನ ಹೊರಗಿನವರಿಗೆ ತೋರಿಸಿ. ನಾನು ಅಮ್ಮನ ಕೈಗೆ ಫೋನ್ ಕೊಟ್ಟೆ. ಫೋಟೊದ ಅಡಿಯಲ್ಲಿ 'ಅಳಿಸು' ಅಂತ ಇದ್ದದ್ದನ್ನು ನೋಡಿ "ಯಾರನ್ನು ಅಳಿಸ್ಲಿಕ್ಕೆ, ಮಗುವನ್ನಾ?" ಅಂತ ಕೇಳಿದ್ರು. ಫೋಟೊದಲ್ಲಿ ಇದ್ದದ್ದು ಅಣ್ಣನ ಮಗು. ಆ ಸಾಲು ಈಗ್ಲೂ ಶೀಟಿನಲ್ಲಿ ಹಳದಿ ಬಣ್ಣದಲ್ಲೇ ಉಂಟು, 'ತೆಗೆದುಹಾಕು' ಅಂತ ಮಾಡುವ ಅಂತ ಮೂರು ಜನ, ಬೇಡ ಅಂತ ನಾಲ್ಕು ಜನ.