ಕೊರಿಯಾದ ಕತ್ತಿವರಸೆ: ಮಂಡಿ ಕೆಡಿಸಿಕೊಳ್ಳದೆ ನಿಲ್ಲುವುದು ಹೇಗೆ

ಕೊರಿಯಾದ ಕತ್ತಿವರಸೆಯ ಒಂದು ಪದ್ಧತಿಯಾದ ಹೇದೊಂಗ್ ಗುಮ್‌ಡೋ ಕಲಿಯುವವರು ಮೊದಲು ಪಳಗಿಸಿಕೊಳ್ಳಬೇಕಾದ ನಿಲುವು ಗಿಮಾ ಜಾಸೆ, ಅಂದರೆ ಕುದುರೆ ಸವಾರನ ನಿಲುವು. ಮೈಸೂರಿನ ಗರಡಿಗಳಲ್ಲಿ ಸಾಮು ಮಾಡಿದವರು ಇದನ್ನು ಬಸ್ಕಿ ಅಂದುಕೊಂಡು ತೀರಾ ಕೆಳಕ್ಕೆ ಕೂರುವುದುಂಟು. ಬಸ್ಕಿಯಲ್ಲಿ ಕೂತ ಕೂಡಲೇ ಏಳುತ್ತೇವೆ. ಇಲ್ಲಿ ಅದೇ ಭಂಗಿಯಲ್ಲಿ ನಿಂತು ಕತ್ತಿ ಬೀಸಬೇಕು.

ಪಾದಗಳ ನಡುವೆ ಭುಜದ ಅಗಲದ ಒಂದೂವರೆಯಿಂದ ಎರಡರಷ್ಟು ಅಂತರ ಬಿಡಿ. ಬೆರಳುಗಳು ನೇರ ಮುಂದಕ್ಕೆ; ಸೊಂಟ ಬಿಗಿಯಾಗಿದ್ದವರು ಕೊಂಚ ಹೊರಕ್ಕೆ ತಿರುಗಿಸಿಕೊಳ್ಳಬಹುದು. ಮಂಡಿ ಕಾಲಿನ ಎರಡನೇ ಬೆರಳಿನ ದಿಕ್ಕನ್ನೇ ನೋಡುತ್ತಿರಬೇಕು. ಸುಸ್ತಾದಾಗ ಅದು ಒಳಕ್ಕೆ ವಾಲುತ್ತದೆ, ಆಗ ಮಂಡಿಯ ಒಳಬದಿಯ ಕಟ್ಟುನಾರು ಎಳೆಯುತ್ತದೆ. ಮೊದಲ ತಿಂಗಳು ತೊಡೆ ನೆಲಕ್ಕೆ ಸಮವಾಗುವ ಹಟ ಬೇಡ. ಅರ್ಧ ಬಗ್ಗಿ, 20 ಸೆಕೆಂಡಿನಂತೆ ಮೂರು ಸಲ ನಿಂತರೆ ಸಾಕು.

ಜಪಾನಿನ ಕೆಂಡೋದ ಕೊರಿಯನ್ ರೂಪವಾದ ಕುಮ್‌ಡೋದಲ್ಲಿ ಜುಂಗ್‌ದಾನ್, ಅಂದರೆ ಕತ್ತಿಯನ್ನು ನಡುಮಟ್ಟದಲ್ಲಿ ಮುಂದಕ್ಕೆ ಹಿಡಿಯುವ ನಿಲುವು, ಬೇರೆ. ಬಲಗಾಲು ಮುಂದೆ, ಎಡಗಾಲಿನ ಬೆರಳುಗಳು ಬಲ ಹಿಮ್ಮಡಿಯ ಸಾಲಿಗೆ, ಎರಡರ ನಡುವೆ ಒಂದು ಮುಷ್ಟಿ ಜಾಗ. ಎಡ ಹಿಮ್ಮಡಿ ಸ್ವಲ್ಪವೇ ಎದ್ದಿರಲಿ. ನಾವು ಕಂಡಂತೆ ಅತಿ ಹೆಚ್ಚು ತೊಂದರೆ ಈ ಎಡಪಾದದ್ದೇ: ಅದು ಹೊರಕ್ಕೆ ತಿರುಗಿದ್ದಾಗ ಮುಂದಕ್ಕೆ ಚಿಮ್ಮಿದರೆ ಭಾರ ಓರೆಯಾಗಿ ಹಿಮ್ಮಡಿಯ ಸ್ನಾಯುರಜ್ಜುವಿನ ಮೇಲೆ ಬೀಳುತ್ತದೆ. ಹಿಮ್ಮಡಿ ತೀರಾ ಎತ್ತಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಕತ್ತಿಯ ಹಿಡಿಕೆಯ ಕೊನೆಯಲ್ಲಿ ಎಡಗೈ, ಹೊಕ್ಕುಳಿನಿಂದ ಒಂದು ಮುಷ್ಟಿ ದೂರ. ಬಿಗಿ ಕಿರುಬೆರಳು, ಉಂಗುರ ಬೆರಳುಗಳಲ್ಲಿರಲಿ. ಬಲಗೈ ಬಿಗಿದಷ್ಟೂ ಮೊಣಕೈ ನೋಯುತ್ತದೆ.

ತಿರುಗುವಾಗ ಯಾವ ಕಾಲು ಹೊರಳಬೇಕೋ ಮೊದಲು ಆ ಕಾಲಿನ ಭಾರ ಇಳಿಸಿ, ಆಮೇಲೆ ಪಾದ ಹೊರಳಿಸಿ. ಪಾದ ನೆಲಕ್ಕೆ ಕಚ್ಚಿಕೊಂಡಿರುವಾಗ ಸೊಂಟ ತಿರುಗಿದರೆ ಆ ತಿರುಚು ಪೂರ್ತಿ ಮಂಡಿಗೇ.

ನೆಲವನ್ನೂ ನೋಡಿ. ಗರಡಿಯ ಮೆತ್ತನೆ ಮಣ್ಣು ಕುಸ್ತಿಗೆ ಸರಿ, ಇಲ್ಲಿ ಪಾದ ಹೂತು ಕಣಕಾಲು ಉಳುಕುತ್ತದೆ. ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಬೆವರು ಬಿದ್ದರೆ ಜಾರುತ್ತದೆ, ಪಕ್ಕದಲ್ಲಿ ಒಣಬಟ್ಟೆ ಇರಲಿ. ಕಾಂಕ್ರೀಟ್ ತಾರಸಿಯ ಮೇಲೆ ನಿಲುವು ಅಭ್ಯಾಸ ಮಾಡಿ, ಆದರೆ ಕಾಲು ಅಪ್ಪಳಿಸಬೇಡಿ.

ತೊಡೆ ನಡುಗಿದರೆ ಹೆದರಬೇಕಿಲ್ಲ. ಮಂಡಿಚಿಪ್ಪಿನ ಸುತ್ತ ಚುಚ್ಚಿದರೆ ಅಂದೇ ನಿಲ್ಲಿಸಿ, ಮುಂದಿನ ಸಲ ಕಡಿಮೆ ಬಗ್ಗಿ. ಊತ ಬಂದರೆ ವೈದ್ಯರಿಗೆ ತೋರಿಸಿ. ಅಂಥ ವಾರದಲ್ಲಿ ಚಾಮುಂಡಿ ಬೆಟ್ಟ ಹತ್ತಿದ್ದರೂ ಮೆಟ್ಟಿಲಿನಲ್ಲಿ ಇಳಿಯದೆ ಬಸ್ಸಿನಲ್ಲಿ ವಾಪಸ್ ಬನ್ನಿ.