‘ಶೇಂಗಾ’ ಅಂತ ಬರೆದ ಮೇಲೆ ಫೋನ್ ಬರತೊಡಗಿತು: ನನ್ನ ಅನುಭವ

ದಾವಣಗೆರೆಯ ಹದಡಿ ರಸ್ತೆಯಲ್ಲಿ ನನ್ನದೊಂದು ಮರದ ಗಾಣ ಇದೆ. 2021ರಲ್ಲಿ ಹಾಕಿದ್ದು. ಮೊದಲ ಎರಡು ವರ್ಷ ದಿನಕ್ಕೆ ಆರೇಳು ಲೀಟರ್ ಶೇಂಗಾ ಎಣ್ಣೆ ಹೋದರೆ ಅದೇ ದೊಡ್ಡದು. ಈಗ ಮೂವತ್ತರ ಆಸುಪಾಸು ಹೋಗುತ್ತದೆ. ಶ್ರಾವಣದಲ್ಲಿ ಇನ್ನೂ ಜಾಸ್ತಿ. ಅಂಗಡಿ ಅದೇ, ಗಾಣ ಅದೇ, ಬೀಜವೂ ಅದೇ ಚಳ್ಳಕೆರೆಯದು. ಬದಲಾದದ್ದು ಮೊಬೈಲಿನಲ್ಲಿ ಪ್ರಚಾರ ಮಾಡುವ ರೀತಿ. ಹೇಗೆ ಮಾಡಿದೆ ಅಂತ ಗಾಣ ಇಟ್ಟುಕೊಂಡ ನಾಲ್ಕೈದು ಜನ ಕೇಳುತ್ತಲೇ ಇದ್ದಾರೆ. ಅದಕ್ಕೆ ಬರೆಯುತ್ತಿದ್ದೇನೆ. ಗೂಗಲ್ ಮ್ಯಾಪ್ ಮೇಲೆ ಅಂಗಡಿ ಕಾಣಿಸೋ ಬಿಸಿನೆಸ್ ಪ್ರೊಫೈಲ್ ಮಾಡೋದು, ಆ್ಯಡ್ ಅಕೌಂಟ್ ತೆರೆಯೋದು ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಡುತ್ತೇನೆ.

ಚೌಕಿಪೇಟೆಯಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದ ನಮ್ಮ ಸೋದರಮಾವ ಮೊದಲೇ ಹೇಳಿದ್ದರು: “ಎಣ್ಣೇನ ಮೂಸಿ ನೋಡಿ ತಗಂತಾರಪ್ಪ, ಮೊಬೈಲ್ ನೋಡಿ ಯಾರು ತಗಂತಾರೆ?” ಅವರ ಮಾತು ಸುಳ್ಳಲ್ಲ. ಆದರೆ ಮೂಸಿ ನೋಡೋಕೆ ಮೊದಲು ಅಂಗಡಿಗೆ ಬರಬೇಕಲ್ವಾ?

ಶುರುವಿನಲ್ಲಿ ದುಡ್ಡು ಹೋದ ಲೆಕ್ಕ ಹೇಳಿಬಿಡುತ್ತೇನೆ. ಒಂದು ಏಜೆನ್ಸಿಗೆ ತಿಂಗಳಿಗೆ 15,000ದಂತೆ ನಾಲ್ಕು ತಿಂಗಳು ಕೊಟ್ಟೆ. ಅಲ್ಲಿಗೆ 60,000. ಅವರು ವಾರಕ್ಕೆ ಮೂರು ಪೋಸ್ಟ್ ಹಾಕುತ್ತಿದ್ದರು. ಎಲ್ಲಾ ಇಂಗ್ಲಿಷ್, ಎಲ್ಲದರಲ್ಲೂ ಹಸಿರು ಎಲೆ, ಹಬ್ಬಕ್ಕೊಂದು ಶುಭಾಶಯ. ಒಂದು ಪೋಸ್ಟಿನಲ್ಲೂ ನನ್ನ ಗಾಣದ ಫೋಟೋ ಇರಲಿಲ್ಲ. ಆಮೇಲೆ ನಾನೇ ಫೇಸ್‌ಬುಕ್‌ನಲ್ಲಿ ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸುವ ಬೂಸ್ಟ್ ಬಟನ್ ಒತ್ತಿ ಸುಮಾರು 9,000 ಸುರಿದೆ. ಜಾಗ ಆರಿಸುವಲ್ಲಿ ಇಡೀ ಕರ್ನಾಟಕ ಅಂತ ಕೊಟ್ಟಿದ್ದೆ, ತಪ್ಪು ನನ್ನದೇ. ಲೈಕ್ ಬಂದವು, ಗಿರಾಕಿ ಬರಲಿಲ್ಲ.

ಗೂಗಲ್ ಆ್ಯಡ್ಸ್ ಮೊದಲ ತಿಂಗಳು 11,000 ತಿಂದಿತು, ಅದರ ಮೇಲೆ 18% ಜಿಎಸ್‌ಟಿ ಬೇರೆ. ‘ಎಣ್ಣೆ ಅಂಗಡಿ’ ಅಂತ ಕೀವರ್ಡ್ (ಜನ ಹುಡುಕುವ ಪದ) ಕೊಟ್ಟು, ಅದಕ್ಕೆ ಸಂಬಂಧ ಇರೋ ಯಾವ ಹುಡುಕಾಟಕ್ಕೂ ಆ್ಯಡ್ ತೋರಿಸುವ ಬ್ರಾಡ್ ಮ್ಯಾಚ್‌ನಲ್ಲಿ ಹಾಕಿದ್ದೆ. ಒಂದು ದಿನ ರಾತ್ರಿ ಒಂಬತ್ತೂವರೆಗೆ ಊಟಕ್ಕೆ ಕೂತಿದ್ದೆ, ಫೋನ್ ಬಂತು. “ಅಣ್ಣ, ಓಪನ್ ಐತಾ?” ನಾನು “ಮುಚ್ಚಿದ್ದೀವಿ, ಬೆಳಗ್ಗೆ ಬನ್ನಿ, ಶೇಂಗಾ ಇದೆ, ಕುಸುಬಿ ಇದೆ” ಅಂದೆ. ಆ ಕಡೆಯವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಲ್ಲಣ್ಣ, ಕ್ವಾರ್ಟರ್” ಅಂದ. ಅವತ್ತೇ ಕೂತು, ಜನ ಏನು ಹುಡುಕಿದಾಗ ನನ್ನ ಆ್ಯಡ್ ಬಂತು ಅಂತ ತೋರಿಸುವ ಸರ್ಚ್ ಟರ್ಮ್ಸ್ ರಿಪೋರ್ಟ್ ತೆಗೆದು ನೋಡಿದೆ. ಅರ್ಧಕ್ಕರ್ಧ ದುಡ್ಡು ಬಾರ್ ಹುಡುಕುವವರಿಗೆ, ಇಂಜಿನ್ ಆಯಿಲ್ ಬೇಕಾದವರಿಗೆ, ತಲೆಗೆ ಹಚ್ಚುವ ಎಣ್ಣೆ ಕೇಳುವವರಿಗೆ ಹೋಗಿತ್ತು. ರಾತ್ರಿ ಹನ್ನೆರಡರ ತನಕ ಕೂತು ನೆಗೆಟಿವ್ ಕೀವರ್ಡ್ ಸೇರಿಸಿದೆ, ಅಂದರೆ ಈ ಪದ ಹುಡುಕಿದರೆ ನನ್ನ ಆ್ಯಡ್ ತೋರಿಸಬೇಡ ಅನ್ನೋ ಪಟ್ಟಿ. ಈಗ ಆ ಪಟ್ಟಿ ನೂರ ನಲವತ್ತು ದಾಟಿದೆ. ಆ್ಯಡ್ ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ಮಾತ್ರ ಓಡುತ್ತದೆ. ನಮ್ಮ ಕನ್ನಡದಲ್ಲಿ ‘ಎಣ್ಣೆ’ಗೆ ಎರಡು ಅರ್ಥ ಇದೆ ಅಂತ ಮಷೀನಿಗೆ ನಾವೇ ಹೇಳಿಕೊಡಬೇಕು.

ಅದೇ ರಿಪೋರ್ಟಿನಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಏಜೆನ್ಸಿಯವರು ನನ್ನ ಪೇಜಿನಲ್ಲೆಲ್ಲಾ ‘ಗ್ರೌಂಡ್‌ನಟ್’, ಕನ್ನಡದಲ್ಲಿ ಬರೆದಾಗ ‘ಕಡಲೆಕಾಯಿ ಎಣ್ಣೆ’ ಅಂತ ಹಾಕಿದ್ದರು. ಬೆಂಗಳೂರು ಕಡೆಗೆ ಅದು ಸರಿ. ದಾವಣಗೆರೆಯಲ್ಲಿ ಯಾರು ಹಾಗೆ ಕೇಳುತ್ತಾರೆ? ಇಲ್ಲಿ ಶೇಂಗಾ. ಮಿರ್ಚಿ ಮಂಡಕ್ಕಿ ಅಂಗಡಿಯವರೂ ಶೇಂಗಾ ಅನ್ನುತ್ತಾರೆ, ಎಪಿಎಂಸಿ ಹಮಾಲರೂ ಶೇಂಗಾ ಅನ್ನುತ್ತಾರೆ. ಮೊಬೈಲಿನಲ್ಲೂ ಹಾಗೇ ಹುಡುಕಿದ್ದರು. ಕೆಲವರು ಕನ್ನಡದಲ್ಲಿ, ಜಾಸ್ತಿ ಜನ ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ವಯಸ್ಸಾದವರು ಮೈಕ್ ಒತ್ತಿ ಮಾತಾಡಿಯೇ ಹುಡುಕುತ್ತಾರೆ, ‘ಇಲ್ಲೇ ಹತ್ರ ಶೇಂಗಾ ಗಾಣ ಎಲ್ಲೈತೆ’ ಅಂತ ಪೂರ್ತಿ ವಾಕ್ಯ.

ಕನ್ನಡ ಕೀವರ್ಡಿಗೆ ದುಡ್ಡು ಹಾಕುತ್ತೇನೆ ಅಂದಾಗ ಏಜೆನ್ಸಿ ಹುಡುಗ “ಸರ್, ವಾಲ್ಯೂಮೇ ಇಲ್ಲ” ಅಂದ. ವಾಲ್ಯೂಮ್, ಅಂದರೆ ಹಾಗೆ ಹುಡುಕುವವರ ಸಂಖ್ಯೆ ಕಡಿಮೆ, ನಿಜ. ಆದರೆ ಹಾಗೆ ಹುಡುಕುವವರು ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಹುಡುಕುತ್ತಾರೆ. ಅಂಗಡಿ ಸುತ್ತ 25 ಕಿಲೋಮೀಟರ್ ಇಟ್ಟೆ, ಹರಿಹರವೂ ಒಳಗೆ ಬರುತ್ತದೆ. ಬೇರೆ ಊರಲ್ಲಿ ಕೂತು ದಾವಣಗೆರೆ ಬಗ್ಗೆ ಆಸಕ್ತಿ ಇರುವವರಿಗೆ ಬೇಡ, ಇಲ್ಲೇ ಇರುವವರಿಗೆ ಮಾತ್ರ ಸಾಕು ಅಂತ ಸೆಟ್ಟಿಂಗ್ ಬದಲಿಸಿದೆ. ಎಲ್ಲಾ ಫ್ರೇಸ್ ಮ್ಯಾಚ್, ಅಂದರೆ ಹುಡುಕಿದ್ದರಲ್ಲಿ ನಾನು ಕೊಟ್ಟ ಪದದ ಅರ್ಥ ಇದ್ದರೆ ಮಾತ್ರ ಆ್ಯಡ್. ಒಂದು ಕಾಲ್‌ಗೆ 20–25 ರೂಪಾಯಿ ಬೀಳುತ್ತದೆ. ಹತ್ತು ಕಾಲ್ ಬಂದರೆ ಮೂರ್ನಾಲ್ಕು ಜನ ಅಂಗಡಿಗೆ ಬರುತ್ತಾರೆ. ತಿಂಗಳಿಗೆ 4,000 ಮೀರಿಸುವುದಿಲ್ಲ. ಯಾವ ಐದು ಪದಕ್ಕೆ ಜಾಸ್ತಿ ಬಿಡ್ (ಆ್ಯಡ್ ಒತ್ತಿದರೆ ಕೊಡಲು ಒಪ್ಪಿದ ದರ) ಇಟ್ಟಿದ್ದೇನೆ ಅನ್ನೋದನ್ನು ಮಾತ್ರ ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ.

ಇದು ಗಿಟ್ಟುತ್ತದಾ ಅಂತ ಲೆಕ್ಕ ಹಾಕಿ ನೋಡಿ. ಒಂದು ಲೀಟರಿಗೆ ಎರಡೂವರೆ ಕೆಜಿ ಬೀಜ. ನಾನು ಈ ಲೆಕ್ಕ ಹಾಕಿದಾಗ ಬೀಜ ಕೆಜಿಗೆ 120ರ ಹತ್ತಿರ ಇತ್ತು, 300 ಆಯಿತು. ಹಿಂಡಿಯಿಂದ 60–65 ವಾಪಸ್. ಬಾಟಲಿ, ಕರೆಂಟು, ಕೂಲಿ ಸೇರಿ 285ರ ತನಕ ಬಂತು. ಮಾರಿದ್ದು 340ಕ್ಕೆ. ಹೊಸ ಗಿರಾಕಿ ಒಬ್ಬರಿಗೆ ನೂರು ರೂಪಾಯಿ ಹತ್ತಿರ ಖರ್ಚಾದರೆ ಮೊದಲ ಬಾಟಲಿಯಲ್ಲಿ ನಷ್ಟವೇ. ಅವರು ಎರಡನೇ ತಿಂಗಳೂ ಬರಬೇಕು. ಅದಕ್ಕೆ ವಾಟ್ಸ್ಆ್ಯಪ್.

ಬ್ರಾಡ್‌ಕಾಸ್ಟ್ ಹಾಕಿದರೆ ಒಂದೇ ಮೆಸೇಜ್ ಲಿಸ್ಟಿನಲ್ಲಿರುವ ಎಲ್ಲರಿಗೂ ಒಟ್ಟಿಗೆ ಹೋಗುತ್ತದೆ, ಆದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ಇದು ತಿಳಿಯದೆ ಆರು ತಿಂಗಳು ಗೋಡೆಗೆ ಮಾತಾಡಿದಂತೆ ಮೆಸೇಜ್ ಹಾಕಿದ್ದೆ. ಈಗ ಗಿರಾಕಿ ಎದುರಿಗೇ ನಂಬರ್ ಸೇವ್ ಮಾಡಿಸುತ್ತೇನೆ, ‘ಗಾಣದ ಅಣ್ಣ’ ಅಂತಲೇ ಹೆಚ್ಚಿನವರು ಮಾಡಿಕೊಂಡಿದ್ದಾರೆ. ಒಂದು ಲಿಸ್ಟಿಗೆ 256 ಜನ, ನನ್ನ ಹತ್ತಿರ ಮೂರು ಲಿಸ್ಟ್ ಇವೆ. ಮೂರು ಲೀಟರ್ ಒಯ್ದವರಿಗೆ ಯಾವ ದಿನ, ಏನಂತ ಮೆಸೇಜ್ ಹೋಗುತ್ತದೆ ಅನ್ನೋದೂ ನನ್ನಲ್ಲೇ ಇರಲಿ.

ಗೂಗಲ್ ಮ್ಯಾಪ್ ವಿಷಯದಲ್ಲಿ ಒಂದು ಪೆಟ್ಟು ತಿಂದಿದ್ದೇನೆ, ನೀವು ತಿನ್ನಬೇಡಿ. ಯಾರದೋ ಮಾತು ಕೇಳಿ ಅಂಗಡಿ ಹೆಸರಿನ ಮುಂದೆ ‘ದಾವಣಗೆರೆ ಬೆಸ್ಟ್ ಗಾಣದ ಎಣ್ಣೆ’ ಅಂತ ಸೇರಿಸಿದ್ದೆ. ಬೋರ್ಡಿನಲ್ಲಿ ಇರುವ ಹೆಸರೇ ಇರಬೇಕು ಅನ್ನೋದು ನಿಯಮ. ಪ್ರೊಫೈಲ್ ಸಸ್ಪೆಂಡ್ ಆಯಿತು. ಬೋರ್ಡಿನ ಫೋಟೋ, ಲೈಸೆನ್ಸ್ ಎಲ್ಲಾ ಕಳಿಸಿ ವಾಪಸ್ ಬರೋಕೆ ಮೂರು ವಾರ ಹಿಡಿಯಿತು, ಅದೂ ಗೌರಿ ಹಬ್ಬದ ಮುಂದೆ. ರಿವ್ಯೂ ಕೂಡ ಅಷ್ಟೇ. ತಂಗಿ, ಭಾವ, ಗೆಳೆಯರ ಕೈಲಿ ಒಂದೇ ದಿನ ಹನ್ನೆರಡು ಬರೆಸಿದ್ದೆ, ವಾರದೊಳಗೆ ಒಂಬತ್ತು ಮಾಯ. ಈಗ ಬಾಟಲಿ ಕೊಡುವಾಗ ಒಂದೇ ಮಾತು: “ಅಮ್ಮ, ಹೋಳಿಗೆ ಮಾಡಿದ ಮೇಲೆ ಹೇಗಿತ್ತು ಅಂತ ಕನ್ನಡದಲ್ಲೇ ಎರಡು ಸಾಲು ಬರೀರಿ.” ಬರೆಯುತ್ತಾರೆ, ತಮ್ಮದೇ ಮಾತಿನಲ್ಲಿ ‘ಶೇಂಗಾ ಎಣ್ಣೆ ಘಮ ಐತೆ’ ಅಂತ. ಯಾರೋ ಹುಡುಕಿದಾಗ ಆ ಸಾಲೇ ನನ್ನ ಹೆಸರಿನ ಕೆಳಗೆ ಕಾಣುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ನಡುವೆ ವಿಡಿಯೋ ಹುಚ್ಚೂ ಹತ್ತಿತ್ತು. ಗಾಣದಿಂದ ನೊರೆ ನೊರೆಯಾಗಿ ಎಣ್ಣೆ ಇಳಿಯುವ ಇನ್‌ಸ್ಟಾಗ್ರಾಂ ರೀಲ್ ಒಂದು ಲಕ್ಷ ಎಂಬತ್ತು ಸಾವಿರ ವ್ಯೂ ಹೋಯಿತು. ಕೇಳಿದವರೆಲ್ಲಾ ಪುಣೆ, ಹೈದರಾಬಾದ್. ಕೊರಿಯರ್ ಮಾಡಿ ನೋಡಿದೆ, ಲೀಟರಿಗೆ 90 ರೂಪಾಯಿ ಅದಕ್ಕೇ ಹೋಯಿತು, ಎರಡು ಬಾಟಲಿ ದಾರಿಯಲ್ಲಿ ಸೋರಿದವು. ಬಿಟ್ಟೆ. ಇನ್ನೊಂದು, ಯೂಟ್ಯೂಬಿಗೆ ಆರು ನಿಮಿಷದ್ದು. ಹತ್ತು ಕೆಜಿ ಬೀಜ ತೂಕದ ಮೇಲೆ ಇಟ್ಟೆ, ಆಡಿಸಿದೆ, ಬಂದ ಎಣ್ಣೆ ಅಳೆದು ತೋರಿಸಿದೆ. ನಾಲ್ಕು ಲೀಟರಿಗೆ ಸ್ವಲ್ಪ ಕಡಿಮೆ ಬಂತು, ಹಾಗೇ ಬಿಟ್ಟೆ, ಕಟ್ ಮಾಡಲಿಲ್ಲ. ಎರಡು ವರ್ಷಕ್ಕೆ ಮೂರು ಸಾವಿರ ವ್ಯೂ ಅಷ್ಟೇ. ಆದರೆ ಜಗಳೂರು ಕಡೆಯ ರೈತರು ಅದನ್ನೇ ನೋಡಿ ಚೀಲ ಹೊತ್ತುಕೊಂಡು ಬರುತ್ತಾರೆ. ಕೆಜಿಗೆ 20 ರೂಪಾಯಿ ಆಡಿಸೋ ಚಾರ್ಜು. ಸುಗ್ಗಿ ಮುಗಿದ ಎರಡು ತಿಂಗಳು ಗಾಣ ನಿಲ್ಲುವುದೇ ಇಲ್ಲ.

ಹಿಂಡಿಗೂ ಒಂದು ಪ್ರಯೋಗ ಮಾಡಿದೆ. ಹಸು ಸಾಕಿದವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬೆಳಗ್ಗೆ ಹಾಲು ಹಾಕಿ ಬರುವ ಹೊತ್ತಿಗೆ ಸರಿಯಾಗಿ ಫೋಟೋ, ರೇಟು ಹಾಕಿದೆ. ಹತ್ತು ಗಂಟೆಯೊಳಗೆ ಖಾಲಿ.

ಈಗ ಕುಸುಬಿ ಎಣ್ಣೆ ಹಿಂದೆ ಬಿದ್ದಿದ್ದೇನೆ. ‘ಕುಸುಬಿ’ ಅನ್ನೋರೂ ಇದ್ದಾರೆ, ‘ಕುಸುಬೆ’ ಅನ್ನೋರೂ ಇದ್ದಾರೆ. ಎರಡಕ್ಕೂ ವಾರಕ್ಕೆ 300ರಂತೆ ಹಾಕಿ ಬಿಟ್ಟಿದ್ದೇನೆ. ಸದ್ಯಕ್ಕೆ ಕುಸುಬಿ ಮುಂದಿದೆ.