ಕೋಡಾನ್ ಪಟ್ಟಿ ಕೊನೆಗೆ, ಬಿಸಿಲಿನ ಸಾಲು ಮೊದಲು

ಕಲಬುರಗಿಯಲ್ಲಿ ಪಿಯು ಹುಡುಗರಿಗೆ ಜೀವಶಾಸ್ತ್ರ ಕಲಿಸ್ತೀನಿ. ಜೆನೆಟಿಕ್ ಕೋಡ್, ಅಂದರೆ ಜೀನಿನ ಅಕ್ಷರಗಳನ್ನು ಪ್ರೋಟೀನಿನ ಅಮಿನೊ ಆಮ್ಲಗಳಾಗಿ ಓದೋ ನಿಯಮದ ಪಾಠ ಬಂದಾಗ, ಕೋಡಾನ್ ಎಂಬ ಮೂರಕ್ಷರದ ಪದಗಳ 64 ಮನೆಗಳ ಪಟ್ಟಿಯನ್ನು ಮೊದಲು ತೋರಿಸೋದೇ ಇಲ್ಲ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿದವರು ಅದನ್ನು ಕಂಡರೆ ಬಾಯಿಪಾಠಕ್ಕೆ ಕೂತುಬಿಡ್ತಾರೆ. ಅದಕ್ಕೇ ಬೋರ್ಡಿನ ಮೇಲೆ ಒಂದು ಸಾಲು ಬರೀತೀನಿ, ನಡುವೆ ಜಾಗ ಬಿಡದೆ:

ನಮಗೆಬಿಸಿಲುಅವಗೆನೆರಳು

ನಮ್ಮ ಊರಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮೂರು ಮೂರು ಅಕ್ಷರ ಕತ್ತರಿಸಿದರೆ ನಾಲ್ಕು ಪದ. ಈಗ ‘ಸಿ’ ಅಳಿಸಿ ಮತ್ತೆ ಮೂರು ಮೂರಾಗಿ ಓದಿ: ನಮಗೆ, ಬಿಲುಅ, ವಗೆನೆ, ರಳು. ಮೊದಲ ಪದ ಬಿಟ್ಟರೆ ಎಲ್ಲಾ ಕೆಟ್ಟಿತು. ‘ಲು’, ‘ಅ’ ಎರಡನ್ನೂ ಅಳಿಸಿ: ನಮಗೆ, ಬಿವಗೆ, ನೆರಳು. ಒಂದು ಪದ ಹಾಳಾದರೂ ‘ನೆರಳು’ ವಾಪಸ್ ಬಂತು! 1961ರಲ್ಲಿ ಕ್ರಿಕ್, ಬ್ರೆನ್ನರ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾಕ್ಕೆ ಅಂಟುವ ಟಿ4 ವೈರಸ್ಸಿನಲ್ಲಿ ಕಂಡದ್ದು ಇದನ್ನೇ. ಒಂದೋ ಎರಡೋ ಅಕ್ಷರ ಸೇರಿಸಿದರೆ ಜೀನ್ ಕೆಡ್ತಿತ್ತು, ಮೂರು ಸೇರಿಸಿದರೆ ಕೆಲಸ ಮಾಡ್ತಿತ್ತು. ಕೋಡ್ ಮೂರಕ್ಷರದ್ದು ಅನ್ನೋದಕ್ಕೆ ಅದು ಗಟ್ಟಿ ಆಧಾರ. ಆರ್‌ಎನ್‌ಎಯ ನಾಲ್ಕು ಅಕ್ಷರಗಳಿಂದ (ಎ, ಯು, ಜಿ, ಸಿ) ಎರಡೆರಡರ ಜೋಡಿ 16 ಆಗ್ತವೆ, 20 ಅಮಿನೊ ಆಮ್ಲಗಳಿಗೆ ಸಾಲದು ಅನ್ನೋ ಲೆಕ್ಕ ಪುಸ್ತಕದಲ್ಲೇ ಇದೆ. ಅದು ಬರೀ ಊಹೆ, ಇದು ಪ್ರಯೋಗ.

ಆಮೇಲೆ ‘ನೆರಳು’ ಅಳಿಸಿ ‘ಬೆರಳು’ ಮಾಡ್ತೀನಿ. ಹುಡುಗರು ನಗ್ತಾರೆ. ಅಕ್ಷರ ಬದಲಾಯಿತೇ ಹೊರತು ಕಡಿಮೆ ಆಗಲಿಲ್ಲ, ಹಾಗಾಗಿ ಉಳಿದ ಪದಗಳು ಕೆಡಲಿಲ್ಲ. ಕುಡಗೋಲು ಕಣ ರೋಗದಲ್ಲಿ (ಸಿಕಲ್ ಸೆಲ್) ಆಗೋದು ಇಷ್ಟೇ: ರಕ್ತದ ಹಿಮೋಗ್ಲೋಬಿನ್ನಿನ ಭಾಗವಾದ ಬೀಟಾ ಗ್ಲೋಬಿನ್‌ನ 6ನೇ ಜಾಗದಲ್ಲಿ ಜಿಎಜಿ ಹೋಗಿ ಜಿಯುಜಿ, ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲೀನ್. ಆದರೆ ಎಲ್ಲಾ ಬದಲಾವಣೆಗೂ ಪೆಟ್ಟು ಬೀಳಲ್ಲ. ಜಿಜಿ ಆದ ಮೇಲೆ ಮೂರನೇ ಅಕ್ಷರ ಯಾವುದೇ ಇರಲಿ, ಗ್ಲೈಸೀನೇ.

ಯಾವ ಕೋಡಾನಿಗೆ ಯಾವ ಆಮ್ಲ ಅನ್ನೋದನ್ನ ಹುಡುಕಿದ ಕತೆಯಲ್ಲಿ ವಿಜ್ಞಾನಿ ಹರಗೋಬಿಂದ್ ಖುರಾನಾ ಅವರ ಕೆಲಸಕ್ಕೆ ಜಾಸ್ತಿ ಹೊತ್ತು ಕೊಡ್ತೀನಿ. ಅವರು ಲ್ಯಾಬಿನಲ್ಲಿ ಕಟ್ಟಿದ ಆರ್‌ಎನ್‌ಎ ಹಾಗೆ ಯುಸಿಯುಸಿಯುಸಿ ಅಂತ ಉದ್ದಕ್ಕೆ ಬರೆದು ಹುಡುಗರ ಕೈಲೇ ಕತ್ತರಿಸ್ತೀನಿ. ಎಲ್ಲಿಂದ ಶುರು ಮಾಡಿದರೂ ಯುಸಿಯು, ಸಿಯುಸಿ ಒಂದಾದ ಮೇಲೊಂದು. ಅದರಿಂದ ಆದ ಪ್ರೋಟೀನಿನಲ್ಲೂ ಸೆರೀನ್, ಲ್ಯೂಸೀನ್ ಒಂದಾದ ಮೇಲೊಂದು ಬಂದಿತ್ತು. ನೀರೆನ್‌ಬರ್ಗ್ ಮತ್ತು ಹಾಲಿ ಎಂಬ ವಿಜ್ಞಾನಿಗಳ ಜೊತೆ ಖುರಾನಾ ಅವರಿಗೆ 1968ರ ನೊಬೆಲ್ ಸಿಕ್ಕಿತು.

ಇಷ್ಟಾದ ಮೇಲೆ, ಕೋಶದಲ್ಲಿ ಪ್ರೋಟೀನ್ ಕಟ್ಟೋ ಯಂತ್ರವಾದ ರೈಬೊಸೋಮ್ ಬಗ್ಗೆ ಯಾರಾದರೂ ಕೇಳೇ ಕೇಳ್ತಾರೆ. ಹೋದ ವರ್ಷ ಅಫಜಲಪುರ ಕಡೆಯ ಒಬ್ಬಳು ಎದ್ದು ನಿಂತು, “ಸರ್, ಜಿಯುಜಿ ಅಂದ್ರ ವ್ಯಾಲೀನ್ ಅಂತ ರೈಬೊಸೋಮಿಗಿ ಹ್ಯಾಂಗ ಗೊತ್ತಾಗ್ತದ್ರಿ?” ಅಂದಳು.

“ಅದಕ್ಕ ಗೊತ್ತೇ ಇಲ್ಲವಾ,” ಅಂದೆ.

ಇಡೀ ಪಾಠದ ತಿರುಳು ನನ್ನ ಪ್ರಕಾರ ಇಲ್ಲಿದೆ. ಜೀನಿನ ನಕಲು ಎಂಆರ್‌ಎನ್‌ಎ, ಆಮ್ಲ ಹೊತ್ತು ತರೋದು ಟಿಆರ್‌ಎನ್‌ಎ, ಅದರಲ್ಲಿ ಕೋಡಾನಿಗೆ ಜೋಡಿಯಾಗೋ ಮೂರಕ್ಷರ ಆ್ಯಂಟಿಕೋಡಾನ್. ರೈಬೊಸೋಮ್ ನೋಡೋದು ಎಂಆರ್‌ಎನ್‌ಎ ಕೋಡಾನಿಗೂ ಟಿಆರ್‌ಎನ್‌ಎ ಆ್ಯಂಟಿಕೋಡಾನಿಗೂ ಜೋಡಿ ಕೂಡ್ತದೋ ಇಲ್ಲವೋ ಅನ್ನೋದನ್ನ. ಬೆನ್ನ ಮೇಲೆ ಯಾವ ಆಮ್ಲ ಇದೆ ಅಂತ ಹೆಚ್ಚು ವಿಚಾರಿಸಲ್ಲ. 1962ರಲ್ಲಿ ಅಮೆರಿಕದಲ್ಲಿ ವಿಜ್ಞಾನಿಗಳು ಸಿಸ್ಟೀನ್ ಎಂಬ ಆಮ್ಲ ಹೊತ್ತಿದ್ದ ಟಿಆರ್‌ಎನ್‌ಎ ತಗೊಂಡು, ರಾಸಾಯನಿಕ ಕ್ರಿಯೆಯಿಂದ ಆ ಸಿಸ್ಟೀನನ್ನೇ ಅಲನೀನ್ ಮಾಡಿದರು. ರೈಬೊಸೋಮ್ ಸುಮ್ಮನೆ ಸಿಸ್ಟೀನ್ ಜಾಗಕ್ಕೆ ಅಲನೀನ್ ಜೋಡಿಸಿತು. ಹಾಗಾದರೆ ಸರಿಯಾದ ಆಮ್ಲವನ್ನು ಸರಿಯಾದ ಟಿಆರ್‌ಎನ್‌ಎಗೆ ಹೊರಿಸೋರು ಯಾರು? ಅಮಿನೊಅಸೈಲ್ ಟಿಆರ್‌ಎನ್‌ಎ ಸಿಂಥಟೇಸ್ ಎಂಬ ಕಿಣ್ವಗಳು. ಪುಸ್ತಕದಲ್ಲಿ ಇವಕ್ಕೆ ಸಿಗೋದು ಒಂದೆರಡು ಸಾಲು. ಕೋಡ್ ನಿಜವಾಗಿ ಬಲ್ಲವು ಇವೇ.

ಕೊನೆಗೆ ಪಟ್ಟಿ ಹಂಚ್ತೀನಿ. ಬಾಯಿಗೆ ಬರಬೇಕಾದ್ದು ನಾಲ್ಕೇ: ಶುರುವಿಗೆ ಎಯುಜಿ, ನಿಲ್ಲಿಸೋಕೆ ಯುಎಎ, ಯುಎಜಿ, ಯುಜಿಎ. ಈ ಮೂರಕ್ಕೆ ಸಾಮಾನ್ಯವಾಗಿ ಟಿಆರ್‌ಎನ್‌ಎ ಇರಲ್ಲ, ಬಿಡುಗಡೆ ಮಾಡೋ ಪ್ರೋಟೀನ್ ಬಂದು ಸರಪಳಿ ಬಿಡಿಸ್ತದೆ. ನೀಟ್ ಬರೆಯೋರಿಗೆ ಇನ್ನೊಂದು ಸೇರಿಸ್ತೀನಿ: ನಮ್ಮದೇ ಕೋಶಗಳಿಗೆ ಶಕ್ತಿ ಒದಗಿಸೋ ಮೈಟೊಕಾಂಡ್ರಿಯಾದಲ್ಲಿ ಯುಜಿಎ ಅಂದರೆ ‘ನಿಲ್ಲು’ ಅಲ್ಲ, ಟ್ರಿಪ್ಟೊಫ್ಯಾನ್ ಎಂಬ ಅಮಿನೊ ಆಮ್ಲ.